ವಿಸ್ಪರ್‌ನ ಸುಳ್ಳು ಸ್ಪಾಟ್‌ಗಳನ್ನು ಒಂದೂವರೆ ಗಂಟೆ ಕೂಡಿಹಾಕಿದ ಅನುಭವ

ಮೈನಸ್ 30 ಡಿಬಿ, ಡ್ರಿಫ್ಟ್ (ಆವರ್ತನದ ಜಾರುವಿಕೆ) 3, ಲೊಕೇಟರ್ (ಸ್ಥಳದ ಸಂಕೇತ) ಪೆಸಿಫಿಕ್ಕಿನ ನಡುನೀರು, ಜಗತ್ತಿನಲ್ಲಿ ಇನ್ಯಾರಿಗೂ ಕೇಳಿಸದ ಕಾಲ್‌ಸೈನ್ (ಸ್ಟೇಷನ್ನಿನ ಗುರುತಿನ ಹೆಸರು). ವಿಸ್ಪರ್ ಅಂದರೆ ಹವ್ಯಾಸಿ ರೇಡಿಯೋದವರು ಎರಡು ನಿಮಿಷದ ಸ್ಲಾಟ್‌ಗಳಲ್ಲಿ ದುರ್ಬಲ ಸಿಗ್ನಲ್ ಕಳಿಸಿ, ಎಲ್ಲೆಲ್ಲಿ ಕೇಳಿಸಿತೆಂದು ನೋಡುವ ಪದ್ಧತಿ; ಯಾರು ಕೇಳಿಸಿದರೆಂದು ಜಾಲತಾಣಕ್ಕೆ ಕಳಿಸುವ ಒಂದೊಂದು ವರದಿಯೇ ಸ್ಪಾಟ್. ಅದರ ಲಾಗ್ ಇಟ್ಟವರಿಗೆ ಗದ್ದಲದಿಂದ ಹುಟ್ಟುವ ಇಂಥ ಸುಳ್ಳು ಅತಿಥಿಗಳ ಪರಿಚಯ ಇದ್ದೇ ಇರುತ್ತದೆ. ಎಫ್‌ಟಿ8 ಎಂಬ ಇನ್ನೊಂದು ಡಿಜಿಟಲ್ ಪದ್ಧತಿಗೆ 14 ಬಿಟ್ ಸಿಆರ್‌ಸಿಯ (ತಪ್ಪು ಹಿಡಿಯುವ ತಾಳೆ ಬಿಟ್‌ಗಳ) ಕಾವಲುಂಟು, ವಿಸ್ಪರ್‌ನ 50 ಬಿಟ್ ಸಂದೇಶಕ್ಕೆ ಆ ಕಾವಲೇ ಇಲ್ಲ. ಅನುಮಾನದ ಸ್ಪಾಟ್‌ಗಳನ್ನು ಒಂದೂವರೆ ಗಂಟೆ ತಡೆದು ಆಮೇಲೆ ಕಳಿಸುತ್ತೇನೆ ಅಂದಾಗ, ‘ಅಸಲಿ ಡಿಎಕ್ಸೂ (ದೂರದ ಸ್ಟೇಷನ್ನೂ) ಕೈಬಿಡುತ್ತೆ ನೋಡಿ’ ಅಂದವರೇ ಎಲ್ಲ. ಈಗ ಅವರಲ್ಲಿ ಇಬ್ಬರು ನನ್ನ ಸ್ಕ್ರಿಪ್ಟ್ ಕೇಳಿ ತೆಗೆದುಕೊಂಡಿದ್ದಾರೆ.

ಮೊದಲು ದಂಡ ತೆತ್ತ ಲೆಕ್ಕ. ಆರ್‌ಟಿಎಲ್ ಡಾಂಗಲ್‌ಗೆ (ಕಂಪ್ಯೂಟರಿಗೆ ಚುಚ್ಚುವ ಪುಟ್ಟ ರಿಸೀವರ್) ನಾಲ್ಕು ಸಾವಿರದ ಆಸುಪಾಸು. ಡೈರೆಕ್ಟ್ ಸ್ಯಾಂಪ್ಲಿಂಗ್‌ನಲ್ಲಿ (ಸಿಗ್ನಲನ್ನು ನೇರ ಅಂಕಿಗಿಳಿಸುವಾಗ) ಅದರ ಗಡಿಯಾರ 28.8 ಮೆಗಾಹರ್ಟ್ಸ್, ಅಂದರೆ ಮಡಿಕೆ ಬೀಳುವುದು 14.4ರಲ್ಲಿ, ಅದರ ಮೇಲಿನದು ಕನ್ನಡಿಯಂತೆ ಕೆಳಗೆ ಬಿಂಬಿಸುತ್ತದೆ. 20 ಮೀಟರ್ ವಿಸ್ಪರ್‌ನ ಡಯಲ್ 14.0956ರ ಮೇಲೆ 14.7044ರ ಗದ್ದಲವೂ ಬಂದು ಕೂರುತ್ತದೆ. ಇಷ್ಟು ಹತ್ತಿರದ ಎರಡನ್ನು ಬೇರ್ಪಡಿಸಲು ಒಂದೂವರೆ ಸಾವಿರದ ಲೋ-ಪಾಸ್ ಫಿಲ್ಟರ್ ಕೊಂಡದ್ದು ಶುದ್ಧ ದಡ್ಡತನ. ಕೊನೆಗೆ ಹಳೆಯ ಎಚ್‌ಎಫ್ (ಶಾರ್ಟ್‌ವೇವ್) ಸೆಟ್ಟೇ ಗತಿಯಾಯಿತು. ಗಡಿಯಾರ ಸರಿಯಿಡಲು ಹಾಕಿದ ಜಿಪಿಎಸ್ ಮಾಡ್ಯೂಲ್ ಮಾತ್ರ ನಾನೂರು ರೂಪಾಯಿಯೊಳಗೆ ಸಿಕ್ಕಿತು, ಇಡೀ ಖರ್ಚಿನಲ್ಲಿ ಸಾರ್ಥಕವಾದದ್ದು ಅದೇ.

ಸುಳ್ಳು ಎಷ್ಟು ಬರುತ್ತದೆಂದು ಅಳೆಯದೆ ಸೋಸುವುದು ಹೇಗೆ? ಆಂಟೆನಾ ಕಿತ್ತು 50 ಓಮ್ ಡಮ್ಮಿ ಲೋಡ್ (ಆಂಟೆನಾ ಬದಲಿಗಿಡುವ ರೋಧಕ) ಹಾಕಿ ಒಂದು ದಿನ, 720 ಸ್ಲಾಟ್ ಓಡಿಸಿದೆ. ಬಂದ ಕಾಲ್‌ಸೈನ್‌ಗಳೆಲ್ಲ ಸುಳ್ಳೇ, ಸಾಕ್ಷಿ ಬೇಕಿಲ್ಲ. ಡಿಕೋಡರ್‌ನಲ್ಲಿ ಡೀಪ್ ಸರ್ಚ್ ಜೊತೆ ಓಎಸ್‌ಡಿ (ಇನ್ನೂ ಆಳಕ್ಕೆ ಊಹಿಸಿ ಹುಡುಕುವ ಆಯ್ಕೆ) 4 ಇಟ್ಟಾಗ ಐದಾರು ಬಂದ ನೆನಪು. ಓಎಸ್‌ಡಿ ತೆಗೆದಾಗ ಒಂದೋ ಎರಡೋ. ಆದರೆ ಡಮ್ಮಿ ಲೋಡ್‌ನಲ್ಲಿ ಬೆಂಗಳೂರಿನ ಎಲ್‌ಇಡಿ ಬಲ್ಬು, ಇನ್ವರ್ಟರ್‌ಗಳ ಕಿರಿಕಿರಿ ಇರುವುದಿಲ್ಲವಲ್ಲ. ಅದಕ್ಕೆ ಆಂಟೆನಾ ಮತ್ತೆ ಹಚ್ಚಿ, ರೆಕಾರ್ಡಿಂಗನ್ನು ಬೆಸ ನಿಮಿಷಕ್ಕೆ ಶುರು ಮಾಡಿದೆ. ವಿಸ್ಪರ್ ಹೊರಡುವುದು ಸಮ ನಿಮಿಷದಲ್ಲಿ, ಹಾಗಾಗಿ ಗಡಿಯಾರ ಪೂರ್ತಿ ಒಂದು ನಿಮಿಷ ತಪ್ಪಿದವನನ್ನು ಬಿಟ್ಟರೆ ಇಲ್ಲಿ ಸಿಗುವುದೆಲ್ಲ ಗದ್ದಲದ ಮಕ್ಕಳೇ. ಸಂಜೆ ಹೊತ್ತು ಸಂಖ್ಯೆ ದುಪ್ಪಟ್ಟಾಯಿತು.

ಸೋತ ಜರಡಿಗಳು ಹಲವು. ಮೈನಸ್ 27ರ ಕೆಳಗಿನದನ್ನೆಲ್ಲ ಎಸೆದೆ. ನಾವು ರಿಸೀವರ್ ಇಟ್ಟದ್ದೇ ಆ ದುರ್ಬಲ ಸಿಗ್ನಲ್‌ಗಾಗಿ, ಅವೇ ಹೋದವು. ಸಮುದ್ರದ ಲೊಕೇಟರ್ ತೆಗೆದರೆ ಹಡಗಿನವರೂ ಹೋದರು. ಕಾಲ್‌ಸೈನ್ ಪಟ್ಟಿಗೆ ತಾಳೆ ನೋಡಿದರೆ ಭಾರತದ ಹೊಸ ವಿಯು3 ಕಾಲ್‌ಸೈನ್‌ಗಳು ಪಟ್ಟಿಯಲ್ಲೇ ಇಲ್ಲ. 0, 1, ಕ್ಯೂ ಅಕ್ಷರಗಳಿಂದ ಶುರುವಾಗುವ ಕಾಲ್‌ಸೈನ್ ಯಾವ ದೇಶಕ್ಕೂ ಇಲ್ಲವೆಂದು ಅವನ್ನು ಧೈರ್ಯವಾಗಿ ಅಳಿಸಿದೆ. ಪಿಕೋ ಬಲೂನುಗಳು (ಪುಟ್ಟ ಟ್ರಾನ್ಸ್‌ಮಿಟರ್ ಹೊತ್ತ ಸಣ್ಣ ಬಲೂನುಗಳು) ಟೆಲಿಮೆಟ್ರಿ (ತಮ್ಮ ಅಳತೆಗಳ ಮಾಹಿತಿ) ಕಳಿಸುವುದೇ ಆ ಅಕ್ಷರಗಳಲ್ಲಿ! ಇವು ಪ್ರತಿ ಸಲ ಬದಲಾಗುವುದರಿಂದ ‘ಎರಡನೇ ಸಲ ಬರಲಿ’ ಎಂದು ಕಾಯುವಂತೆಯೂ ಇಲ್ಲ. ಹಿಂದಿನ ಸ್ಲಾಟ್‌ನಲ್ಲಿ ಹೆಚ್ಚುಕಡಿಮೆ ಅದೇ ಆವರ್ತನದಲ್ಲಿ ಸಾಮಾನ್ಯ ಕಾಲ್‌ಸೈನ್ ಬಂದಿತ್ತೇ ಅನ್ನುವುದೊಂದೇ ಇವಕ್ಕೆ ನನ್ನ ಪರೀಕ್ಷೆ.

ಈಗಿನ ನಿಯಮ ಹೀಗಿದೆ. ಮೈನಸ್ 25 ಮತ್ತು ಅದಕ್ಕಿಂತ ಜೋರಿನದು ನೇರ ಹೋಗುತ್ತದೆ. ಅದಕ್ಕಿಂತ ಕೆಳಗಿನದು ಫೈಲಿನಲ್ಲಿ ಕೂರುತ್ತದೆ. 90 ನಿಮಿಷದೊಳಗೆ ಅದೇ ಕಾಲ್‌ಸೈನ್, ಅದೇ ಲೊಕೇಟರ್ ಮತ್ತೊಮ್ಮೆ ಬಂದರೆ ಎರಡೂ ಬಿಡುಗಡೆ. 20 ಪರ್ಸೆಂಟ್ ಟ್ರಾನ್ಸ್‌ಮಿಟ್ ಇಟ್ಟವರು 45 ಸ್ಲಾಟ್‌ನಲ್ಲಿ ಸುಮಾರು ಒಂಬತ್ತು ಸಲ ಕೂಗುತ್ತಾರೆ, ಒಂದು ಸಲವಾದರೂ ಮತ್ತೆ ಸಿಗಬೇಕು. ಆವರ್ತನ ಒಂದೇ ಇರಬೇಕೆಂದು ಹಟ ಹಿಡಿಯಬೇಡಿ, ಪ್ರತಿ ಸಲ ಜಾಗ ಬದಲಿಸುವವರಿದ್ದಾರೆ. ಸ್ಪಾಟ್‌ನಲ್ಲೇ ದಿನಾಂಕ, ಸಮಯ ಇರುವುದರಿಂದ ತಡವಾಗಿ ಕಳಿಸಿದರೆ ನಷ್ಟವಿಲ್ಲ. ಒಂದೇ ಸಲ ಬಂದವಕ್ಕೆ ಡಿಟಿ (ಸಮಯದ ವ್ಯತ್ಯಾಸ), ಡ್ರಿಫ್ಟ್ ಎರಡನ್ನೂ ಕೂಡಿಸಿ ಅಂಕ ಕೊಡುತ್ತೇನೆ. ಅಸಲಿಯವು ಡ್ರಿಫ್ಟ್ ಸೊನ್ನೆಯ ಬಳಿ ಗುಂಪುಗಟ್ಟುತ್ತವೆ, ಗದ್ದಲ ಎಲ್ಲೆಂದರಲ್ಲಿ ಬೀಳುತ್ತದೆ. ಅಂಕದ ಸೂತ್ರ ಸದ್ಯಕ್ಕೆ ನನ್ನಲ್ಲೇ ಇರಲಿ. ತಿಂಗಳಿಗೆ ಎರಡು ಮೂರು ಅಸಲಿ ಸ್ಪಾಟ್ ಕಳೆದುಕೊಳ್ಳುತ್ತಿರಬಹುದು, ಅಷ್ಟೇ.

ಇಷ್ಟಾದರೂ ಒಂದು ಜಾತಿಯ ಸುಳ್ಳು ನುಸುಳುತ್ತಿತ್ತು: ಕಾಲ್‌ಸೈನ್ ಅಸಲಿ, ಊರು ಮಾತ್ರ ಅಸಾಧ್ಯ. ಇದು ಹ್ಯಾಶ್‌ನ ಕಿತಾಪತಿ. ಮೂರನೇ ನಮೂನೆಯ ಸಂದೇಶದಲ್ಲಿ ಹೆಸರಿನ ಬದಲು 15 ಬಿಟ್ ಹ್ಯಾಶ್ (ಹೆಸರಿನಿಂದ ಲೆಕ್ಕ ಹಾಕಿದ ಕಿರುಸಂಖ್ಯೆ) ಇರುತ್ತದೆ, ಒಟ್ಟು 32768 ಬೆಲೆ. ಹ್ಯಾಶ್‌ಟೇಬಲ್ ಫೈಲಿನಲ್ಲಿ ಮೂರು ಸಾವಿರ ಹೆಸರು ಸೇರಿದ್ದರೆ, ಗದ್ದಲದಿಂದ ಹುಟ್ಟಿದ ಹ್ಯಾಶ್ ಹನ್ನೊಂದಕ್ಕೊಂದರಂತೆ ಯಾರದೋ ಹೆಸರಿಗೆ ತಗಲಿಕೊಳ್ಳುತ್ತದೆ. ಸುಳ್ಳು ಡಿಕೋಡ್‌ಗಳೂ ಅದೇ ಫೈಲಿಗೆ ಸೇರುವುದರಿಂದ ಕಸಕ್ಕೆ ಕಸ ಹುಟ್ಟುತ್ತದೆ. ಈಗ ರಾತ್ರಿ ಆ ಫೈಲು ಅಳಿಸಿ, ಬಿಡುಗಡೆಯಾದ ಕಾಲ್‌ಸೈನ್‌ಗಳನ್ನಷ್ಟೇ ಮತ್ತೆ ತುಂಬುತ್ತೇನೆ.

ಹತ್ತಿರದ ಜೋರು ಸ್ಟೇಷನ್ 50, 100 ಹರ್ಟ್ಸ್ ಅಂತರದಲ್ಲಿ ನಕಲು ಮೂಡಿಸುತ್ತಿದ್ದರೆ ಅದು ಕರೆಂಟಿನ ರಿಪಲ್. ಡಿಕೋಡರ್ ಇವನ್ನು ಒಂದೇ ಎಂದು ಗುರುತಿಸುವುದಿಲ್ಲ, ಅಷ್ಟು ದೂರದಲ್ಲಿ ಬೇರೆ ಬೇರೆಯಾಗಿಯೇ ಬರೆಯುತ್ತದೆ. ಎಸ್‌ಎಂಪಿಎಸ್ (ಸ್ವಿಚಿಂಗ್ ಪವರ್ ಸಪ್ಲೈ) ತೆಗೆದು ಟ್ರಾನ್ಸ್‌ಫಾರ್ಮರ್ ಸಪ್ಲೈ ಹಾಕಿ, ಆಂಟೆನಾದ ಕೋಯಾಕ್ಸ್ ಕೇಬಲನ್ನು ಫೆರೈಟ್ ರಿಂಗ್‌ಗೆ ಹನ್ನೆರಡು ಸುತ್ತು ಸುತ್ತಿದ ಮೇಲೆ ಮುಕ್ಕಾಲು ಪಾಲು ಹೋಯಿತು. ನಕಲು ನಿಮ್ಮ ಕಡೆಯದೋ ಅವರ ಕಡೆಯದೋ ತಿಳಿಯಬೇಕಾದರೆ ಊರಿನ ಇನ್ನೊಂದು ರಿಸೀವರ್‌ನ ಲಾಗ್ ನೋಡಿ. ಉಳಿದದ್ದಕ್ಕೆ ಒಂದೇ ಸ್ಲಾಟ್‌ನ ಒಂದೇ ಕಾಲ್‌ಸೈನ್‌ನಲ್ಲಿ ಅತಿ ಜೋರಿನದನ್ನು ಮಾತ್ರ ಇಟ್ಟುಕೊಂಡರೆ ಸಾಕು.

40 ಮೀಟರ್ ಬ್ಯಾಂಡಿನ ಸ್ಟೇಷನ್ 20 ಮೀಟರ್‌ನಲ್ಲೂ ಕಂಡರೆ ‘ಹಾರ್ಮಾನಿಕ್’ ಅನ್ನುವವರಿದ್ದಾರೆ. ಸಾಧ್ಯವಿಲ್ಲ. 7.0401ರ ಎರಡರಷ್ಟು 14.0802, ವಿಸ್ಪರ್ ಕಿಟಕಿ ಇರುವುದು 14.0971ರ ಬಳಿ. ಸಾಲದ್ದಕ್ಕೆ ಟೋನ್ ಅಂತರವೂ 1.46 ಹರ್ಟ್ಸ್‌ನಿಂದ 2.93ಕ್ಕೆ ಹಿಗ್ಗಿರುತ್ತದೆ, ಡಿಕೋಡೇ ಆಗದು. ಹೆಚ್ಚಿನ ಸಲ ಇದು ಬ್ಯಾಂಡ್ ಬದಲಿಸಿ ತಂತ್ರಾಂಶಕ್ಕೆ ಹೇಳಲು ಮರೆತವರ ಕೆಲಸ. ಕ್ಯಾಟ್ ಕೇಬಲ್‌ನಿಂದ (ಸೆಟ್ಟನ್ನು ಕಂಪ್ಯೂಟರಿಗೆ ಜೋಡಿಸುವ ತಂತಿ) ರೆಕಾರ್ಡಿಂಗ್‌ಗೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಡಯಲ್ ಓದಿಸುತ್ತೇನೆ. ಎರಡು ಓದು ಹೊಂದದಿದ್ದರೆ ಆ ಎರಡು ನಿಮಿಷದ ಸ್ಪಾಟ್‌ಗಳು ಹೊರಗೇ ಹೋಗುವುದಿಲ್ಲ.