ಒತ್ತಕ್ಷರಕ್ಕೆ ಜಾಗ ಬಿಡಿ: ಪುಟ್ಟ ಕನ್ನಡ ವೆಬ್‌ಸೈಟ್ ಒಂದನ್ನು ತಿದ್ದಿದ ಬಗೆ

ಅಪ್ಪ 1987ರಿಂದ ತೀರ್ಥಹಳ್ಳಿ ಹತ್ತಿರದ ನಮ್ಮ ತೋಟದಲ್ಲಿ ಮಳೆ ಅಳೆಯುತ್ತಿದ್ದಾರೆ. ಬೆಳಗ್ಗೆ ಎಂಟಕ್ಕೆ ಮಾಪಕ ನೋಡುವುದು, ಡೈರಿಯಲ್ಲಿ ಬರೆಯುವುದು. ಆ ಡೈರಿಗಳನ್ನೆಲ್ಲ ಟೈಪ್ ಮಾಡಿ ಒಂದು ವೆಬ್‌ಸೈಟಿನಲ್ಲಿ ಇಟ್ಟಿದ್ದೇನೆ. ಫೋಟೋ ಇಲ್ಲ, ಮೆನು ಇಲ್ಲ. ಒಂದೊಂದು ಮಳೆ ನಕ್ಷತ್ರಕ್ಕೆ ಒಂದೊಂದು ಪುಟ. ಪುಟದಲ್ಲಿ ಮಳೆಯ ಪಟ್ಟಿ, ಅದರ ಕೆಳಗೆ ಅಪ್ಪ ಬರೆದ ನಾಲ್ಕು ಮಾತು. ನಾನು ಶಿವಮೊಗ್ಗದಲ್ಲಿ ಡಿಟಿಪಿ ಮಾಡುವವಳು. ಕಾಗದದ ಮೇಲೆ ಅಕ್ಷರ ಕೂರಿಸಿ ಅಭ್ಯಾಸ. ಇಂಗ್ಲಿಷಿಗೆಂದು ಮಾಡಿದ ಒಂದು ಸರಳ ಟೆಂಪ್ಲೇಟಿನಲ್ಲಿ ಕನ್ನಡ ಹಾಕಿ ನೋಡಿದಾಗ ಪುಟ ಉಸಿರುಗಟ್ಟಿದ ಹಾಗಿತ್ತು. ಅದನ್ನು ಹೇಗೆ ಸರಿಮಾಡಿದೆ ಅಂತ ಇಲ್ಲಿ ಬರೆದಿದ್ದೇನೆ.

ಮೊದಲು ಟೆಂಪ್ಲೇಟನ್ನು ತೆಗೆದುಹಾಕಿ. ವೆಬ್ ಪುಟದ ಮೂಲ ಭಾಷೆಯಾದ ಎಚ್‌ಟಿಎಂಎಲ್‌ನಲ್ಲಿ ಬರೆದ ಬರೀ ಪುಟ ಸಾಕು. 1991ರಲ್ಲಿ ಸರ್ನ್ ಎಂಬ ಯುರೋಪಿನ ಭೌತವಿಜ್ಞಾನ ಸಂಸ್ಥೆಯಿಂದ ಟಿಮ್ ಬರ್ನರ್ಸ್-ಲೀ ಜಗತ್ತಿಗೆ ತೆರೆದಿಟ್ಟ ಮೊದಲ ವೆಬ್‌ಸೈಟಿನ ಪುಟಗಳಲ್ಲಿ ಅಲಂಕಾರವೇ ಇರಲಿಲ್ಲ. ಇವತ್ತಿನ ಫೋನಿನಲ್ಲೂ ಅವು ತೆರೆದುಕೊಳ್ಳುತ್ತವೆ. ನಿಮ್ಮ ಪುಟದ ತಲೆಯಲ್ಲಿ ಮೂರು ವಿಷಯ ಇರಲೇಬೇಕು: ಕನ್ನಡ ಅಕ್ಷರ ಸರಿಯಾಗಿ ಮೂಡಲು ಯುಟಿಎಫ್-8 ಎಂಬ ಸೂಚನೆ, ಫೋನಿನ ಅಗಲಕ್ಕೆ ಹೊಂದಿಸುವ ವ್ಯೂಪೋರ್ಟ್ ಸಾಲು, ಭಾಷೆ ಕನ್ನಡ ಎಂದು ಹೇಳುವ ಲ್ಯಾಂಗ್ ಗುರುತು. ಮೂರನೆಯದನ್ನು ಸುಮಾರು ಜನ ಬಿಟ್ಟುಬಿಡುತ್ತಾರೆ. ಕಣ್ಣು ಕಾಣದವರಿಗೆ ಪುಟವನ್ನು ಓದಿ ಹೇಳುವ ತಂತ್ರಾಂಶಕ್ಕೆ ಯಾವ ಭಾಷೆಯ ದನಿ ಬೇಕು ಅಂತ ತಿಳಿಯುವುದು ಅದರಿಂದಲೇ.

'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೆಯ ಫೈಲುಗಳಿಂದ ಬರಹ ತರುವುದಿದ್ದರೆ ಮೊದಲು ಯೂನಿಕೋಡಿಗೆ ಬದಲಾಯಿಸಿ. ಬದಲಾಯಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಒಂದೊಂದಾಗಿ ಓದಿ.

ಇನ್ನು ತಿದ್ದುವ ಕೆಲಸ. ಪರೀಕ್ಷೆಗೆ ಒಂದು ಸಾಲು ಇಟ್ಟುಕೊಳ್ಳಿ. ನನ್ನದು ಇದು: ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷಾ. ಒತ್ತು, ಕೊಂಬು, ಅರ್ಕಾವತ್ತು, ದೀರ್ಘ ಎಲ್ಲವೂ ಇದರಲ್ಲಿವೆ. ಇದನ್ನೇ ಹತ್ತು ಸಲ ಅಂಟಿಸಿ ಒಂದು ಪ್ಯಾರಾ ಮಾಡಿ. ಏನನ್ನೇ ಬದಲಿಸಿದರೂ ಮೊದಲು ಇಲ್ಲಿ ನೋಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಎರಡು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಯಾಯಿತು ಅಂತ ಗೊತ್ತಾಗುವುದಿಲ್ಲ.

ಎಲ್ಲಕ್ಕಿಂತ ಮುಖ್ಯ ಸಾಲುಗಳ ನಡುವಿನ ಅಂತರ. ಪುಟ ಹೇಗೆ ಕಾಣಬೇಕು ಅಂತ ಹೇಳುವ ಸಿಎಸ್‌ಎಸ್‌ನಲ್ಲಿ ಇದಕ್ಕೆ ಲೈನ್-ಹೈಟ್ ಅನ್ನುತ್ತಾರೆ. ಟೆಂಪ್ಲೇಟಿನಲ್ಲಿ 1.4, ಅಂದರೆ ಅಕ್ಷರದ ಗಾತ್ರದ 1.4 ಪಟ್ಟು, ಇತ್ತು. ಇಂಗ್ಲಿಷಿಗೆ ಅದು ಸಾಕು, ಅಲ್ಲಿ ಅಕ್ಷರದ ಕೆಳಗೆ ಇನ್ನೊಂದು ಅಕ್ಷರ ಕೂರುವುದಿಲ್ಲ. ನಮ್ಮಲ್ಲಿ ಕೂರುತ್ತದೆ. 'ಆಶ್ಲೇಷಾ' ಪದದ ಲಕಾರದ ಒತ್ತು ಕೆಳಗಿನ ಸಾಲಿನ ಗುಡಿಸಿನ ಮೇಲೆ ಬಂದು ಕೂತಿತ್ತು. 'ಶಾಸ್ತ್ರ' ಅಂತ ಬರೆದು ನೋಡಿ, ಒಂದೇ ಅಕ್ಷರಕ್ಕೆ ಎರಡು ಒತ್ತು ನೇತಾಡುತ್ತವೆ. ನಾನು 1.6 ಹಾಕಿದೆ, ಅಕ್ಷರ ಬಿಡಿಸಿಕೊಂಡವು. 1.8ಕ್ಕೆ ಹೋದೆ, ಓದಲು ಹಾಯೆನಿಸಿತು. 2 ಹಾಕಿದರೆ ಸಾಲುಗಳು ಒಂದಕ್ಕೊಂದು ಸಂಬಂಧ ಇಲ್ಲದ ಹಾಗೆ ಕಾಣುತ್ತವೆ. ಸಂಖ್ಯೆಯ ಮುಂದೆ ಪಿಕ್ಸೆಲ್ ಅಂತ ಬರೆಯಬೇಡಿ. ಬರೀ ಸಂಖ್ಯೆ ಇದ್ದರೆ ಅಕ್ಷರದ ಗಾತ್ರ ಬದಲಾದಂತೆ ಅಂತರವೂ ಬದಲಾಗುತ್ತದೆ. ಶೀರ್ಷಿಕೆಗೂ 1.5 ಕೊಡಿ. ಫೋನಿನಲ್ಲಿ ಶೀರ್ಷಿಕೆ ಎರಡು ಸಾಲಾದಾಗ ಅದರ ಬೆಲೆ ತಿಳಿಯುತ್ತದೆ.

ಕೊಂಡಿಗಳ (ಲಿಂಕುಗಳ) ಅಡಿಗೆರೆ ನನ್ನನ್ನು ಎರಡು ಸಂಜೆ ಕೂರಿಸಿತು. ಬ್ರೌಸರ್ ಅಕ್ಷರದ ಬುಡಕ್ಕೆ ಗೆರೆ ಎಳೆಯುತ್ತದೆ. ನಮ್ಮ ಒತ್ತು ಇರುವುದೂ ಅಲ್ಲೇ. ಗೆರೆ ಒತ್ತನ್ನು ಮುಟ್ಟದೆ ನಡುವೆ ಜಾಗ ಬಿಟ್ಟು ಹೋಗುತ್ತದೆ. ಒಳ್ಳೆಯದೇ, ಆದರೆ ಒತ್ತು ಜಾಸ್ತಿ ಇರುವ ಪದದಲ್ಲಿ ಗೆರೆ ತುಂಡು ತುಂಡಾಗಿ ಕಾಣುತ್ತದೆ. 'ಟೆಕ್ಸ್ಟ್-ಅಂಡರ್‌ಲೈನ್-ಆಫ್‌ಸೆಟ್' ಅನ್ನುವುದರಿಂದ ಗೆರೆಯನ್ನು ಕೆಳಗೆ ಇಳಿಸಬಹುದು. ಸ್ವಲ್ಪ ಸ್ವಲ್ಪ ಇಳಿಸುತ್ತಾ ಹೋದೆ, 0.45 ಇಎಂ ಹತ್ತಿರ ಸರಿಹೋಯಿತು (ಒಂದು ಇಎಂ ಅಂದರೆ ಅಕ್ಷರದ ಗಾತ್ರದಷ್ಟು). ಗೆರೆಯನ್ನು ತೆಳ್ಳಗೆ ಮಾಡಿದೆ. ನಿಮ್ಮ ಫಾಂಟಿಗೆ ಈ ಅಳತೆ ಬೇರೆಯಾಗಬಹುದು, ಪರೀಕ್ಷೆಯ ಸಾಲನ್ನೇ ಕೊಂಡಿ ಮಾಡಿ ನೋಡಿ. ಸಾಲಿನ ಅಂತರ ಮೊದಲೇ ಬಿಟ್ಟಿದ್ದರಿಂದ ಗೆರೆಗೂ ಜಾಗ ಸಿಕ್ಕಿತು.

ಸಾಲಿನ ಅಗಲಕ್ಕೆ ಇಂಗ್ಲಿಷಿನವರು ಸಾಮಾನ್ಯವಾಗಿ 65 ಸಿಎಚ್ ಅನ್ನುತ್ತಾರೆ. ಸಿಎಚ್ ಅಂದರೆ ಸೊನ್ನೆಯ ಅಗಲ. ಕನ್ನಡದ ಅಕ್ಷರ ಅದಕ್ಕಿಂತ ಅಗಲ, ಪದಗಳೂ ಉದ್ದ. ಹಾಗಾಗಿ ಇಎಂ ಲೆಕ್ಕದಲ್ಲಿ ಹೋಗಿ. ನಾನು 34 ಇಎಂ ಇಟ್ಟೆ. ಎರಡೂ ಅಂಚು ಸಮ ಮಾಡುವ ಆಸೆ ಬೇಡ. ಪ್ರೆಸ್ಸಿನಲ್ಲಿ 'ನೋಡಿಕೊಂಡಿದ್ದರಿಂದ' ಎಂಬಂಥ ಪದವನ್ನು ನಾವೇ ಕೈಯಾರೆ ಒಡೆದು ಸಾಲು ತುಂಬಿಸುತ್ತೇವೆ. ಪರದೆಯಲ್ಲಿ ಹಾಗೆ ಒಡೆಯುವವರು ಇಲ್ಲದಿದ್ದರೆ ಪದಗಳ ನಡುವೆ ದೊಡ್ಡ ದೊಡ್ಡ ಬಿರುಕು ಬೀಳುತ್ತದೆ. ಎಡಕ್ಕೆ ಜೋಡಿಸಿ ಬಿಟ್ಟುಬಿಡಿ. ಅಕ್ಷರಗಳ ನಡುವೆ ಹೆಚ್ಚಿನ ಅಂತರವೂ ಬೇಡ, ಓರೆ ಅಕ್ಷರವೂ ಬೇಡ. ಒತ್ತಿ ಹೇಳಬೇಕಾದ ಕಡೆ ದಪ್ಪ ಅಕ್ಷರ ಸಾಕು.

ಫಾಂಟನ್ನು ನಾನು ಸೇರಿಸಲೇ ಇಲ್ಲ. ವಿಂಡೋಸ್‌ನಲ್ಲಿ ನಿರ್ಮಲಾ, ಆಪಲ್‌ನಲ್ಲಿ ಕನ್ನಡ ಸಂಗಂ, ಆಂಡ್ರಾಯ್ಡ್‌ನಲ್ಲಿ ನೋಟೋ ಇದ್ದೇ ಇರುತ್ತವೆ. ನಮ್ಮೂರಲ್ಲಿ ಮಳೆಗಾಲದಲ್ಲಿ ನೆಟ್‌ವರ್ಕ್ ನಿಲ್ಲುವುದು ಕಷ್ಟ. ಫಾಂಟ್ ಇಳಿಯುವವರೆಗೆ ಯಾರನ್ನೂ ಕಾಯಿಸುವುದು ನನಗೆ ಇಷ್ಟವಿಲ್ಲ. ಸೇರಿಸಲೇಬೇಕು ಅಂತಿದ್ದು, ಫಾಂಟಿನಲ್ಲಿ ಬೇಡದ ಅಕ್ಷರಗಳನ್ನು ಕತ್ತರಿಸುವುದಾದರೆ, ಕಣ್ಣಿಗೆ ಕಾಣದ ಜೋಡಕ ಚಿಹ್ನೆಗಳನ್ನು ಉಳಿಸಿಕೊಳ್ಳಿ. 'ರ‍್ಯಾಂಕ್' ಎಂಬ ಪದ ಸರಿಯಾಗಿ ಮೂಡಲು ಅವು ಬೇಕು.

ಬಣ್ಣದ ವಿಷಯ ಅಪ್ಪ ತೀರ್ಮಾನಿಸಿದರು. ತಿಳಿ ಬೂದು ಅಕ್ಷರ ಚೆಂದ ಅಂತ ಹಾಕಿದ್ದೆ. ಅಂಗಳದ ಬಿಸಿಲಲ್ಲಿ ಫೋನ್ ಹಿಡಿದು ನೋಡಿ, "ಇದೆಂತ ಮಾರಾಯ್ತಿ, ಅಕ್ಷರ ಎಲ್ಲ ಮಸಕು ಮಸಕು" ಅಂದರು. ವೆಬ್ ಪುಟಗಳ ಸುಲಭ ಬಳಕೆಗೆ ಇರುವ ನಿಯಮದಂತೆ ಮಾಮೂಲಿ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5ಕ್ಕೆ 1ರ ವ್ಯತ್ಯಾಸ ಇರಬೇಕು. ನನ್ನ ಬೂದು 3 ಸಹ ಮುಟ್ಟಿರಲಿಲ್ಲ. ಈಗ ಕಪ್ಪಿಗೆ ಹತ್ತಿರದ ಬಣ್ಣ ಇದೆ, ಅಕ್ಷರದ ಗಾತ್ರವೂ 1.2 ಪಟ್ಟು ದೊಡ್ಡದಾಗಿದೆ. ರಾತ್ರಿಯ ಕಪ್ಪು ಹಿನ್ನೆಲೆಗೆ 'ಕಲರ್-ಸ್ಕೀಮ್' ಎಂಬ ಒಂದು ಸಾಲು ಸಾಕು. ಆದರೆ ಬಣ್ಣವನ್ನು ನೀವೇ ಕೊಟ್ಟಿದ್ದರೆ ಕಪ್ಪು ಹಿನ್ನೆಲೆಗೂ ಬೇರೆ ಕೊಡಬೇಕು.

ಮಳೆಯ ಪಟ್ಟಿಯಲ್ಲಿ ಅಂಕಿಗಳನ್ನು ಬಲಕ್ಕೆ ಜೋಡಿಸಿ. 'ಟ್ಯಾಬ್ಯುಲರ್-ನಮ್ಸ್' ಅಂತ ಹೇಳಿದರೆ, ಫಾಂಟಿನಲ್ಲಿ ಆ ಸೌಲಭ್ಯ ಇದ್ದಲ್ಲಿ, ಎಲ್ಲ ಅಂಕಿಯೂ ಒಂದೇ ಅಗಲಕ್ಕೆ ಬರುತ್ತದೆ. 3 ಇಂಚು ಇದ್ದರೂ 3.0 ಅಂತಲೇ ಬರೆಯಿರಿ. ಆಗ ಚುಕ್ಕಿಯ ಕೆಳಗೆ ಚುಕ್ಕಿ ಬಂದು, ಜಾಸ್ತಿ ಮಳೆಯಾದ ದಿನ ತಾನಾಗಿ ಕಣ್ಣಿಗೆ ಬೀಳುತ್ತದೆ.

ಕೊನೆಗೆ ಮುದ್ರಣ. ಸಿಎಸ್‌ಎಸ್‌ನಲ್ಲಿ ಪ್ರಿಂಟಿಗೆಂದೇ ಬೇರೆ ನಿಯಮ ಬರೆಯಬಹುದು. ಕೊಂಡಿಗಳ ಗೆರೆ ತೆಗೆದೆ, ಗಾತ್ರ 12 ಪಾಯಿಂಟ್ ಮಾಡಿದೆ, ಪಟ್ಟಿಯ ಒಂದು ಸಾಲು ಎರಡು ಹಾಳೆಗೆ ಒಡೆಯದ ಹಾಗೆ ನೋಡಿಕೊಂಡೆ. ಆರಿದ್ರಾ ಮಳೆಯ ಪುಟ ಮೂರು ಹಾಳೆಗೆ ಬಂತು. ಅಪ್ಪನಿಗೆ ಕೊಟ್ಟೆ. ಮಾರನೇ ದಿನ ಡೈರಿಯ ಜೊತೆ ಹಾಳೆಗಳನ್ನೂ ವಾಪಸ್ ತಂದರು. ಎರಡನೇ ಹಾಳೆಯಲ್ಲಿ 1994ರ ಸಾಲಿನ 3.2ನ್ನು ಪೆನ್ಸಿಲ್‌ನಲ್ಲಿ ಹೊಡೆದು ಪಕ್ಕದಲ್ಲಿ 5.2 ಅಂತ ಬರೆದಿದ್ದರು. ಡೈರಿ ತೆಗೆದು ನೋಡಿದೆ, 5.2 ಅಂತಲೇ ಇತ್ತು. ಅವತ್ತು ರಾತ್ರಿಯೇ ಪುಟದಲ್ಲಿ ತಿದ್ದಿದೆ.