ಇಡಿಎಫ್ ಜೆಟ್‌ನ ಕಿರುಚಾಟ ನಿಂತಿದ್ದು ಹೀಗೆ

ರಿಮೋಟಿನಲ್ಲಿ ಹಾರಿಸುವ ಹೊಸ ಫೋಮ್ ಜೆಟ್ ಮಾದರಿ; ಅದರಲ್ಲಿ 70 ಮಿ.ಮೀ. ಇಡಿಎಫ್, ಅಂದರೆ ಡಕ್ಟ್ ಎಂಬ ಕೊಳವೆಯೊಳಗೆ ತಿರುಗುವ ವಿದ್ಯುತ್ ಫ್ಯಾನ್. ಅರ್ಧ ಥ್ರಾಟಲ್ ದಾಟಿದರೆ ಸಾಕು, ಕಿವಿಗಡಚಿಕ್ಕುವ ಕೀರಲು ದನಿ, ಬಾಡಿಯೆಲ್ಲ ನಡುಕ. ಮೋಟಾರ್ ಬದಲಾಯಿಸು ಅಂದವರೇ ಹೆಚ್ಚು. ದುಡ್ಡು ಸುರಿಯುವ ಮೊದಲು ರೋಟರ್ (ಬ್ಲೇಡುಗಳಿರುವ ಚಕ್ರ) ಬಿಚ್ಚಿಟ್ಟು ಬರೀ ಮೋಟಾರನ್ನು ನಿಧಾನಕ್ಕೆ ಓಡಿಸಿದೆ. ಒಂಚೂರೂ ಅದುರಲಿಲ್ಲ. ಅಂದಮೇಲೆ ತೊಂದರೆ ರೋಟರಿನದ್ದೇ.

4ಎಸ್ (ನಾಲ್ಕು ಸೆಲ್‌ಗಳ) ಬ್ಯಾಟರಿಯಲ್ಲಿ ಇಂಥ ಫ್ಯಾನ್ ನಿಮಿಷಕ್ಕೆ 30 ಸಾವಿರ ಸುತ್ತು ದಾಟುತ್ತದೆ. ಆ ವೇಗದಲ್ಲಿ ಒಂದು ಬದಿ ಗ್ರಾಂನ ಹತ್ತರಲ್ಲೊಂದು ಭಾಗ ಭಾರವಾದರೂ ನಡುಕ ತಪ್ಪದು. ರೋಟರನ್ನು ಮ್ಯಾಗ್ನೆಟಿಕ್ ಬ್ಯಾಲೆನ್ಸರ್ (ಅಯಸ್ಕಾಂತದ ಆಸರೆಯಲ್ಲಿ ಸಲೀಸಾಗಿ ತಿರುಗಲು ಬಿಟ್ಟು, ಭಾರ ಯಾವ ಬದಿಗೆಂದು ತೋರಿಸುವ ಸಾಧನ) ಮೇಲೆ ಇಟ್ಟಾಗ ಪ್ರತಿಸಲವೂ ಒಂದೇ ಬ್ಲೇಡ್ ಕೆಳಗೆ ಬಂದು ನಿಲ್ಲುತ್ತಿತ್ತು. ಅದರ ಎದುರು ಬದಿಗೆ, ಹಬ್‌ನ (ರೋಟರಿನ ನಡುಭಾಗದ) ಒಳಗೋಡೆಗೆ, ಅಲ್ಯೂಮಿನಿಯಂ ಟೇಪಿನ ಚೂರುಗಳನ್ನು ಅಂಟಿಸುತ್ತ ಹೋದೆ, ರೋಟರ್ ಬಿಟ್ಟಲ್ಲೇ ನಿಲ್ಲುವವರೆಗೆ. ಮೇಲೊಂದು ತೊಟ್ಟು ಎಪಾಕ್ಸಿ. ಭಾರದ ಬ್ಲೇಡನ್ನೇ ಉಜ್ಜಿಬಿಡು ಎಂಬ ಸಲಹೆಯೂ ಬಂದಿತ್ತು. ನಾನಂತೂ ಆ ಸಾಹಸಕ್ಕೆ ಹೋಗಲ್ಲ, ಗೀರು ಬಿದ್ದ ಜಾಗದಿಂದಲೇ ಬಿರುಕು ಬಿಡೋದು.

ಮತ್ತೆ ಜೋಡಿಸುವಾಗ ಬ್ಲೇಡಿನ ತುದಿಗೂ ಡಕ್ಟಿಗೂ ನಡುವಿನ ಸಂದು ಸುತ್ತಲೂ ಒಂದೇ ಸಮ ಇದೆಯೇ ನೋಡಿ. ಓಡಿಸಿ ನೋಡುವಾಗ ಫ್ಯಾನಿನ ಪಕ್ಕಕ್ಕೆ ನಿಲ್ಲಬೇಡಿ; ಬ್ಲೇಡ್ ಕಿತ್ತರೆ ಹಾರುವುದು ಆ ಕಡೆಗೇ. ಕನ್ನಡಕ ಇರಲಿ.

ಈಗ ಫುಲ್ ಥ್ರಾಟಲ್‌ನಲ್ಲೂ ಸುಯ್ ಅನ್ನುವ ಗಾಳಿಯ ಸದ್ದಷ್ಟೇ. ಪಕ್ಕದ ಮನೆಯ ನಾಯಿಯೂ ಬೊಗಳುತ್ತಿಲ್ಲ.