ಅಜ್ಜ ನೆಟ್ಟ ಮರಕ್ಕೆ ಒಂದು ಲೆಕ್ಕದ ಪುಸ್ತಕ

ಮಲೆನಾಡಿನ ಮನೆಗಳಲ್ಲಿ ಅಡಿಕೆ ಲೆಕ್ಕ ಕ್ವಿಂಟಲ್ ಕ್ವಿಂಟಲ್ ಇರುತ್ತದೆ. ಮರದ ಲೆಕ್ಕ ಮಾತ್ರ ಇರುವುದಿಲ್ಲ. ಸಾಗುವಾನಿ ಸಾಲು ನೆಟ್ಟಿದ್ದು ಯಾವಾಗ ಎಂದರೆ "ನಿನ್ನ ಅಪ್ಪನ ಮದುವೆ ವರ್ಷ" ಅನ್ನುತ್ತಾರೆ. ಹಾಗೆ ಹೇಳುವವರು ಹೋದ ಮೇಲೆ ಅದೂ ಇಲ್ಲ. ಹಾಗಾಗಿ ಮೊದಲು ಒಂದು ನೋಟ್‌ಬುಕ್ ತನ್ನಿ.

1. ಗಡಿ ಸುತ್ತಿ. ಮನೆಯ ಹಿರಿಯರ ಜೊತೆ ಜನವರಿಯಲ್ಲಿ ಹೋಗಿ, ಉಂಬಳದ (ಜಿಗಣೆಯ) ಕಾಟ ಇರುವುದಿಲ್ಲ. ಅವರು ಹೇಳಿದ್ದನ್ನೆಲ್ಲ ಅಲ್ಲೇ ಬರೆದುಕೊಳ್ಳಿ.

2. ಕಾಗದ ನೋಡಿ. ಪಹಣಿ ನಿಮ್ಮ ಹೆಸರಲ್ಲಿದೆ ಎಂದ ಮಾತ್ರಕ್ಕೆ ಮರವೂ ನಿಮ್ಮದೇ ಎಂದಲ್ಲ. ಮಂಜೂರಾದ ಜಮೀನಾದರೆ, ಆಗಲೇ ನಿಂತಿದ್ದ ಮರದ ಹಕ್ಕು ಯಾರದ್ದು ಎಂದು ಮಂಜೂರಾತಿ ಪತ್ರ ಓದಿ. ಸೊಪ್ಪಿನ ಬೆಟ್ಟದಲ್ಲಿ, ಅಂದರೆ ತೋಟಕ್ಕೆ ಸೊಪ್ಪು ತರಲು ಬಿಟ್ಟ ಕಾಡಿನಲ್ಲಿ, ಸೊಪ್ಪು, ದರಕು (ಒಣ ಎಲೆ) ತರುವ ಹಕ್ಕು ಬೇರೆ, ಮಾಲೀಕತ್ವ ಬೇರೆ.

3. ಅಳೆಯಿರಿ. ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ ಟೇಪು ಸುತ್ತಿ. ಪೇಂಟಿನಲ್ಲಿ ನಂಬರ್ ಹಾಕಿ, ಮೊಳೆ ಮಾತ್ರ ಹೊಡೆಯಬೇಡಿ. ಮೊಳೆ ಇರುವ ದಿಮ್ಮಿ ಕೊಯ್ದರೆ ಗರಗಸದ ಹಲ್ಲು ಹಾಳು.

ಈ ಅಳತೆ ಯಾಕೆ ಬೇಕು? ನಮ್ಮ ಮನೆಯಲ್ಲೇ ಒಮ್ಮೆ ವ್ಯಾಪಾರಿಯೊಬ್ಬ ಕಣ್ಣಳತೆಯಲ್ಲಿ ರೇಟು ಹೇಳಿದ, ನಾವು ಸುಮ್ನೆ ತಲೆಯಾಡಿಸಿದೆವು. ಮರದ ವ್ಯಾಪಾರದಲ್ಲಿ ನಡೆಯುವ ಲೆಕ್ಕ ಕಷ್ಟವೇನಲ್ಲ. ದಿಮ್ಮಿಯ ನಡುಭಾಗದ ಸುತ್ತಳತೆಯನ್ನು ನಾಲ್ಕರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಆಮೇಲೆ ಉದ್ದದಿಂದ ಗುಣಿಸಿ. 4 ಅಡಿ ಸುತ್ತಳತೆಯ, 10 ಅಡಿ ಉದ್ದದ ದಿಮ್ಮಿ 10 ಘನ ಅಡಿ. ನಿಜವಾದ ಗಾತ್ರ ಸುಮಾರು 12.7. ಅಂದರೆ ಈ ಲೆಕ್ಕದಲ್ಲೇ ಐದರಲ್ಲೊಂದು ಪಾಲಿಗಿಂತ ಜಾಸ್ತಿ ಬಿಟ್ಟುಹೋಗುತ್ತದೆ. ಅದರ ಮೇಲೂ ಕಣ್ಣಳತೆ ಅಂದರೆ ಹೇಗೆ ಅಲ್ವಾ?

4. ಕಡಿಯುವ ಮೊದಲು ಅರ್ಜಿ. ಕರ್ನಾಟಕದ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ನಿಮ್ಮದೇ ಜಮೀನಿನ ಮರಕ್ಕೂ ವೃಕ್ಷಾಧಿಕಾರಿಯ (ಅರಣ್ಯ ಇಲಾಖೆಯ ಅಧಿಕಾರಿ) ಅನುಮತಿ ಬೇಕು. ಸಿಲ್ವರ್ ಓಕ್, ತೆಂಗು, ರಬ್ಬರಿನಂಥ ಕೆಲವಕ್ಕೆ ವಿನಾಯಿತಿ ಇದೆ. ಶ್ರೀಗಂಧ 2001ರಿಂದ ಜಮೀನಿನ ಮಾಲೀಕರದ್ದೇ, ಆದರೂ ಅನುಮತಿ ಇಲ್ಲದೆ ಕೊಡಲಿ ಹಾಕುವಂತಿಲ್ಲ.

ಯಾವುದನ್ನು ಕಡಿಯುವುದು? ಒತ್ತಾಗಿ ಬೆಳೆದು ಸೊರಗಿದ್ದನ್ನು ಮೊದಲು. ನೆಟ್ಟಗೆ ಬೆಳೆದ ನಾಲ್ಕಾರು ಮತ್ತಿ, ಹೊನ್ನೆ ಬೀಜಕ್ಕೆ ಇರಲಿ. ಎಷ್ಟೇ ರೇಟು ಬರಲಿ, ನಾನಂತೂ ಅವನ್ನು ಮುಟ್ಟುವುದಿಲ್ಲ.

5. ನೆಡಿ. ಬೇಸಿಗೆಯಲ್ಲೇ ಗುಂಡಿ ತೆಗೆದಿಡಿ, ಮಳೆ ಹಿಡಿದ ಮೇಲೆ ಗಿಡ. ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಬದುಕುಳಿದ ಪ್ರತಿ ಗಿಡಕ್ಕೆ ಮೊದಲ ಮೂರು ವರ್ಷ 35, 40, 50 ರೂಪಾಯಿಯಂತೆ ಪ್ರೋತ್ಸಾಹಧನ ನಿಗದಿಯಾಗಿದೆ. ಹೆಕ್ಟೇರಿಗೆ 400 ಗಿಡದ ಮಿತಿ. ಸಿಲ್ವರ್ ಓಕ್‌ಗೆ ಸಿಗದು. ಈಗಿನ ದರವನ್ನು ವಲಯ ಅರಣ್ಯ ಕಚೇರಿಯಲ್ಲಿ ಕೇಳಿಕೊಳ್ಳಿ.

6. ಮನೆಯವರನ್ನು ಕೂರಿಸಿ. ಪಿತ್ರಾರ್ಜಿತ ಆಸ್ತಿಯಾದರೆ ಅಕ್ಕತಂಗಿಯರಿಗೂ ಸಮಪಾಲು. ಅವರನ್ನು ಕೇಳದೆ ಮರ ಮಾರಿದರೆ ಜಗಳ ಖಾತ್ರಿ. ನೋಟ್‌ಬುಕ್ಕಿನ ಒಂದು ಜೆರಾಕ್ಸ್ ಬೆಂಗಳೂರಿನ ತಂಗಿಗೆ ಕೊಡಿ. ಗೆದ್ದಲಿಗೆ ಎರಡು ಮನೆ ದಾರಿ ಗೊತ್ತಿರುವುದಿಲ್ಲ.